ಮುಖ್ಯಮಂತ್ರಿಗಳಿಗೆ ಹುಬ್ಬಳ್ಳಿಯಿಂದ ಬಹಿರಂಗ ಪತ್ರ: ನಿಯಮಗಳನ್ನು ಪ್ರಶ್ನಿಸುವ ಕಾಯಂ ಆಯೋಗ ಬೇಕು

ಮಾನ್ಯ ಮುಖ್ಯಮಂತ್ರಿಗಳಿಗೆ,

ಹುಬ್ಬಳ್ಳಿಯಿಂದ ನಮಸ್ಕಾರಗಳು.

ಕರ್ನಾಟಕದಲ್ಲಿ ಉದ್ಯಮ ನಡೆಸುವವರು ಪಡೆಯಬೇಕಾದ ಪರವಾನಗಿ, ನೋಂದಣಿ, ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ), ಸಲ್ಲಿಸಬೇಕಾದ ರಿಟರ್ನ್, ಇಡಬೇಕಾದ ರಿಜಿಸ್ಟರ್ ಇವೆಲ್ಲವನ್ನೂ ಒಂದೊಂದಾಗಿ ಎತ್ತಿ ನೋಡಿ, ಇದು ಬೇಕೇ, ಬೇಕಾದರೆ ಇಷ್ಟು ಕಾಗದ ಬೇಕೇ ಎಂದು ಕೇಳುವ ಕೆಲಸ ಇವತ್ತು ಯಾವ ಕಚೇರಿಗೂ ಇಲ್ಲ. ಆ ಕೆಲಸಕ್ಕೆಂದೇ ಒಂದು ಕಾಯಂ ಆಯೋಗವನ್ನು ಕಾಯ್ದೆಯ ಮೂಲಕ ಕಟ್ಟಬೇಕು, ಅದರ ಕಚೇರಿ ಹುಬ್ಬಳ್ಳಿ-ಧಾರವಾಡದಲ್ಲಿ ಇರಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ತಾವು ಓದಬೇಕು, ಜೊತೆಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಸಕರೂ ಓದಬೇಕು ಎಂಬ ಆಸೆಯಿಂದ ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ನಮ್ಮದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ ಮಾಡುವ ಸಣ್ಣ ಘಟಕ. ಸ್ತ್ರೀಶಕ್ತಿ ಸಂಘದ ನಾಲ್ಕಾರು ಹೆಣ್ಣುಮಕ್ಕಳು ಸೇರಿ ಮನೆಯಲ್ಲಿ ಶುರು ಮಾಡಿದ್ದು ಈಗ ಗೋಕುಲ ರಸ್ತೆಯ ಕಡೆ ಒಂದು ಶೆಡ್ಡಿಗೆ ಬಂದಿದೆ. ಮೆಣಸಿನಕಾಯಿ ಬ್ಯಾಡಗಿಯಿಂದ ಬರುತ್ತದೆ, ಪಾಕೀಟಿನ ಲೇಬಲ್ ಗದಗಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತದೆ, ಮಾಲು ಪುಣೆಗೂ ಬೆಂಗಳೂರಿಗೂ ಹೋಗುತ್ತದೆ. ಮೂರು ಜಿಲ್ಲೆಗಳ ಕೈ ಸೇರಿ ಆಗುವ ಕೆಲಸ ಇದು. ಇಂಥ ಘಟಕಗಳು ನಮ್ಮ ಭಾಗದಲ್ಲಿ ಓಣಿಗೊಂದು ಇವೆ. ದೊಡ್ಡ ಕಂಪನಿಗಳಿಗೆ ಕಾಗದಪತ್ರ ನೋಡಿಕೊಳ್ಳಲು ಬೇರೆ ವಿಭಾಗವೇ ಇರುತ್ತದೆ. ನಮ್ಮಲ್ಲಿ ರೊಟ್ಟಿ ಬಡಿಯುವವರು, ಲೆಕ್ಕ ಬರೆಯುವವರು, ಕಚೇರಿ ಅಲೆಯುವವರು ಎಲ್ಲರೂ ಒಬ್ಬರೇ.

ಘಟಕದ ಬಾಗಿಲು ದಾಟಿದ ಕೂಡಲೇ ಎಡಗಡೆ ಗೋಡೆಯ ತುಂಬ ಕಟ್ಟು ಹಾಕಿಸಿದ ಸರ್ಟಿಫಿಕೇಟುಗಳಿವೆ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತೆಯದೊಂದು, ಕಾರ್ಮಿಕ ಇಲಾಖೆಯದೊಂದು, ತಕ್ಕಡಿಗೆ ಸೀಲು ಹಾಕಿಸಿದ್ದು, ಮಾಲಿನ್ಯ ನಿಯಂತ್ರಣ ಮಂಡಳಿಯ ಪತ್ರ, ಜಿಎಸ್‌ಟಿ, ಉದ್ಯಮ್ ನೋಂದಣಿ, ವೃತ್ತಿ ತೆರಿಗೆ. ಒಂದರ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯದು ಸೀಲು ಬಿದ್ದ ತಾರೀಖಿನಿಂದ ವರ್ಷಕ್ಕೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಐದು ವರ್ಷಕ್ಕೆ. ವೃತ್ತಿ ತೆರಿಗೆ ಕಟ್ಟಲು ಏಪ್ರಿಲ್ 30 ಕೊನೆ. ಪ್ರತಿಯೊಂದಕ್ಕೂ ಬೇರೆ ಪೋರ್ಟಲ್, ಬೇರೆ ಪಾಸ್‌ವರ್ಡ್, ಬೇರೆ ಚಲನ್. ಕೇಳುವ ದಾಖಲೆ ಮಾತ್ರ ಬಹುಪಾಲು ಅವೇ: ಅದೇ ಉತಾರ (ಜಾಗದ ದಾಖಲೆ), ಅದೇ ಬಾಡಿಗೆ ಕರಾರು, ಅದೇ ಕರೆಂಟ್ ಬಿಲ್ಲು, ಅದೇ ಆಧಾರ್. ಎಲ್ಲವೂ ಸರ್ಕಾರದ್ದೇ ಕಾಗದ, ಕೇಳುವವರೂ ಸರ್ಕಾರದವರೇ. ನಡುವೆ ಓಡಾಡುವವರು ನಾವು.

ಒಮ್ಮೆ ಒಂದು ಕಚೇರಿಯಲ್ಲಿ ಕೇಳಿಯೇ ಬಿಟ್ಟೆ: “ಸಾಹೇಬ್ರ, ಈ ಕಾಗದ ಇನ್ನೊಂದು ಇಲಾಖೆಯವ್ರೂ ತಗೊಂಡಾರ್ರಿ. ಮತ್ತ ನಿಮಗ್ಯಾಕ ಬೇಕ್ರಿ?” ಅವರು ಸಿಟ್ಟಾಗಲಿಲ್ಲ. “ಅಕ್ಕಾರ, ಯಾಕ ಬೇಕಂತ ನನಗೂ ಗೊತ್ತಿಲ್ರಿ. ಚೆಕ್‌ಲಿಸ್ಟಿನ್ಯಾಗ ಐತಿ. ಬಿಟ್ರ ನಾಳೆ ಆಡಿಟ್‌ನವ್ರು ನನ್ನ ಹಿಡಿದು ಕೇಳ್ತಾರ” ಎಂದರು. ಪ್ರಾಮಾಣಿಕವಾದ ಉತ್ತರ. ಚೆಕ್‌ಲಿಸ್ಟ್ ತಿದ್ದುವ ಅಧಿಕಾರ ಆ ಗುಮಾಸ್ತರಿಗಿಲ್ಲ, ಅವರ ಮೇಲಿನ ಸೂಪರಿಂಟೆಂಡೆಂಟರಿಗೂ ಇಲ್ಲ. ಜಿಲ್ಲಾಧಿಕಾರಿಗಳಿಗೂ ಇಲ್ಲ. ಬೆಂಗಳೂರಿನಲ್ಲಿ ಯಾವುದೋ ವರ್ಷ ಯಾವುದೋ ಸುತ್ತೋಲೆಯಲ್ಲಿ ಸೇರಿಕೊಂಡ ಒಂದು ಸಾಲು ಅಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಸೇರಿಸಲು ಒಂದು ಸಹಿ ಸಾಕಾಗಿತ್ತು, ತೆಗೆಯುವುದು ಯಾರ ಜವಾಬ್ದಾರಿ ಎಂದು ಎಲ್ಲೂ ಬರೆದಿಲ್ಲ.

ಲೇಬಲ್ಲಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸಣ್ಣ ಘಟಕಕ್ಕೆ ನಿಯಮದ ಭಾರ ಬೀಳುವುದು ಇಂಥ ಜಾಗದಲ್ಲಿ. ಅಂಗೈಯಗಲದ ಒಂದು ಚಟ್ನಿಪುಡಿ ಪಾಕೀಟು. ಅದರ ಮೇಲೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ 2011ರಲ್ಲಿ ಬಂದ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುವ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಿಂಗಳು, ಗ್ರಾಹಕರ ದೂರಿಗೆ ನಂಬರು ಇರಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ 14 ಅಂಕಿಯ ಲೈಸೆನ್ಸ್ ನಂಬರು, ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ಕೋಷ್ಟಕ, ಅಲರ್ಜಿ ಎಚ್ಚರಿಕೆ, ಹಸಿರು ಚುಕ್ಕೆ ಇರಬೇಕು. ಅಕ್ಷರ ಎಷ್ಟು ಮಿಲಿಮೀಟರ್ ಎತ್ತರ ಇರಬೇಕೆಂದು ಎರಡೂ ಕಾಯ್ದೆಗಳು ತಮ್ಮ ತಮ್ಮ ಲೆಕ್ಕದಲ್ಲಿ ಹೇಳುತ್ತವೆ. ಒಬ್ಬ ಅಧಿಕಾರಿ ನೋಡಿ ಸರಿಯಿದೆ ಎಂದ ಲೇಬಲ್ಲಿಗೆ ಇನ್ನೊಂದು ಕಚೇರಿಯವರು ನೋಟಿಸ್ ಕೊಟ್ಟಿದ್ದೂ ಆಗಿದೆ. ಒಂದು ನಿಯಮ ಬದಲಾದರೆ ಗದಗಿನಿಂದ ಅಚ್ಚಾಗಿ ಬಂದ ಲೇಬಲ್ ಕಟ್ಟುಗಳು ಹಾಗೇ ರದ್ದಿಗೆ ಹೋಗುತ್ತವೆ. ಕಡಿಮೆ ಅಚ್ಚು ಹಾಕಿಸೋಣವೆಂದರೆ ಪ್ರೆಸ್ಸಿನವರಿಗೆ ಪೂರೈಸುವುದಿಲ್ಲ, ಒಂದೊಂದು ಲೇಬಲ್ಲಿನ ದರ ಏರಿಬಿಡುತ್ತದೆ.

ತಿನ್ನುವ ಪದಾರ್ಥದ ಮೇಲೆ ಏನಿದೆ ಎಂದು ಬರೆಯುವುದು ಗ್ರಾಹಕರ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ಲೇಬಲ್ ಕುರಿತ ಬದಲಾವಣೆಗಳು ವರ್ಷದಲ್ಲಿ ಒಂದೇ ದಿನ, ಜುಲೈ 1ರಿಂದ ಜಾರಿಗೆ ಬರಲಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಇತ್ತೀಚೆಗೆ ಗೊತ್ತುಮಾಡಿತು. ಇದರಿಂದ ಸರ್ಕಾರಕ್ಕೆ ನಯಾಪೈಸೆ ಖರ್ಚಿಲ್ಲ, ಯಾವ ಗ್ರಾಹಕನ ಹಕ್ಕೂ ಕಡಿಮೆಯಾಗಲಿಲ್ಲ, ನಮ್ಮಂಥವರಿಗೆ ಮಾತ್ರ ದೊಡ್ಡ ಉಪಕಾರವಾಯಿತು. ಇಂಥ ಸಣ್ಣ ಸಣ್ಣ ತಿದ್ದುಪಡಿಗಳಿಗೆ ರಾಜ್ಯದ ಕಾಯ್ದೆಗಳಲ್ಲಿ ಎಷ್ಟು ಅವಕಾಶವಿದೆ ಎಂದು ಹುಡುಕುವವರು ಬೇಕು.

ಸರ್ಕಾರಗಳು ಏನೂ ಮಾಡಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. 2002ರ ಕರ್ನಾಟಕ ಕೈಗಾರಿಕೆಗಳ ಸೌಲಭ್ಯ ಕಾಯ್ದೆಯಿಂದ, ಬೇರೆ ಬೇರೆ ಅನುಮತಿಗಳನ್ನು ಒಂದೇ ಕಡೆ ಕೊಡಿಸುವ ಏಕಗವಾಕ್ಷಿ ಸಮಿತಿಗಳು ಬಂದವು. 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯೇ ನೋಡುತ್ತದೆ. 2025ರ ಫೆಬ್ರುವರಿಯಲ್ಲಿ ಹೂಡಿಕೆದಾರರ ಸಮಾವೇಶದ ಹೊತ್ತಿಗೆ ಹೊಸ ಏಕಗವಾಕ್ಷಿ ಪೋರ್ಟಲ್ ಬಂತು, 2025-30ರ ಕೈಗಾರಿಕಾ ನೀತಿಯೂ ಬಂತು. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ಸಕಾಲ ಯೋಜನೆಯಂತೂ ನಮ್ಮೂರಿನದೇ ಎನ್ನಬಹುದು. 2012ರ ಮಾರ್ಚ್‌ನಲ್ಲಿ ಪ್ರಯೋಗಕ್ಕೆ ಆರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಧಾರವಾಡವೂ ಒಂದು, ಏಪ್ರಿಲ್‌ನಲ್ಲಿ ಅದು ಇಡೀ ರಾಜ್ಯಕ್ಕೆ ಹೋಯಿತು. ಅರ್ಜಿ ಕೊಟ್ಟರೆ ನಂಬರು ಸಿಗುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಜನಸಾಮಾನ್ಯರು ಸರ್ಕಾರಿ ಮೇಜಿನ ಮುಂದೆ ನಿಂತು ‘ಗಡುವು ಯಾವಾಗ’ ಎಂದು ಕೇಳುವ ಧೈರ್ಯ ಬಂದದ್ದು ಸಕಾಲದಿಂದ.

ಆದರೆ ಏಕಗವಾಕ್ಷಿಯಾಗಲಿ ಸಕಾಲವಾಗಲಿ ಇರುವ ಅರ್ಜಿಯನ್ನು ಬೇಗ ದಾಟಿಸುತ್ತವೆ. ಆ ಅರ್ಜಿಯೇ ಬೇಕಾಗಿತ್ತೇ ಎಂದು ಕೇಳುವ ಅಧಿಕಾರ ಅವಕ್ಕಿಲ್ಲ. ಕೇಳಬಾರದ ಕಾಗದವನ್ನು ಹದಿನೈದು ದಿನದೊಳಗೆ ಕೇಳಿ ಮುಗಿಸಿದರೂ ಸಕಾಲದ ಲೆಕ್ಕದಲ್ಲಿ ಅದು ಯಶಸ್ಸೇ. ಎಲ್ಲ ಆನ್‌ಲೈನ್ ಆಗಿದೆಯಲ್ಲ ಎಂದು ಹೇಳುವವರು ಒಂದು ಸಂಜೆ ನಮ್ಮ ಕಡೆಯ ಸೈಬರ್ ಸೆಂಟರಿಗೆ ಬಂದು ಕೂಡಬೇಕು. ಅದೇ ಉತಾರವನ್ನು ಮತ್ತೆ ಸ್ಕ್ಯಾನ್ ಮಾಡಿ, ಪೋರ್ಟಲ್ ಒಪ್ಪುವಷ್ಟು ಚಿಕ್ಕದು ಮಾಡಿ, ಅಪ್‌ಲೋಡ್ ಆಗುವಾಗ ಸರ್ವರ್ ಬಿದ್ದು, ಪುನಃ ಮೊದಲಿಂದ ಶುರು ಮಾಡುವುದು ಅಲ್ಲಿ ದಿನನಿತ್ಯದ ಕೆಲಸ.

ಇನ್ನು ಶಿಫಾರಸುಗಳಿಗಂತೂ ಕೊರತೆಯಿಲ್ಲ. ಹಾರನಹಳ್ಳಿ ರಾಮಸ್ವಾಮಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 2001ರಲ್ಲಿ ವರದಿ ಕೊಟ್ಟಿತು. ಇಪ್ಪತ್ತು ವರ್ಷದ ಮೇಲೆ ಟಿ.ಎಂ. ವಿಜಯಭಾಸ್ಕರ್ ಅವರ ನೇತೃತ್ವದಲ್ಲಿ ಎರಡನೆಯ ಆಯೋಗ ಬಂತು, ಕಂತು ಕಂತಾಗಿ ವರದಿ ಕೊಟ್ಟಿತು. ದೆಹಲಿಯಲ್ಲಿ ಎಂ. ದಾಮೋದರನ್ ಸಮಿತಿ 2013ರಲ್ಲೇ, ಹೊಸ ನಿಯಮ ತರುವ ಮೊದಲು ಅದರ ಪರಿಣಾಮವನ್ನು ಅಳೆಯಬೇಕು ಎಂದು ಹೇಳಿತ್ತು. 2014ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿ ಮಾಡಿತು. ಅದು ನೀತಿಯಾಗಿಯೇ ಉಳಿಯಿತು, ಕಾನೂನಾಗಲಿಲ್ಲ. 2023ರ ಜನ ವಿಶ್ವಾಸ ಕಾಯ್ದೆ ಕೇಂದ್ರದ 42 ಕಾಯ್ದೆಗಳ 183 ಕಲಮುಗಳನ್ನು ಸಡಿಲಿಸಿ, ಸಣ್ಣಪುಟ್ಟ ತಪ್ಪಿಗೆ ಜೈಲು ಎಂಬುದನ್ನು ಬಹಳಷ್ಟು ಕಡೆ ತೆಗೆದುಹಾಕಿತು. 29 ಕಾರ್ಮಿಕ ಕಾಯ್ದೆಗಳನ್ನು ಕೂಡಿಸಿ ಸಂಸತ್ತು 2019-20ರಲ್ಲಿ ಮಾಡಿದ ನಾಲ್ಕು ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಇವೆಲ್ಲ ಒಂದೊಂದು ಸಲದ ಕೆಲಸ. ಆಯೋಗದ ಅವಧಿ ಮುಗಿಯುತ್ತದೆ, ಕಾರ್ಯದರ್ಶಿಗಳಿಗೆ ವರ್ಗವಾಗುತ್ತದೆ, ವರದಿ ಉಳಿಯುತ್ತದೆ. ಶಿಫಾರಸು ಎಲ್ಲಿಗೆ ಬಂತು ಎಂದು ಪ್ರತಿ ವರ್ಷ ಕೇಳುವವರಿಲ್ಲದೆ ಹೋದರೆ ಮುಂದಿನ ಆಯೋಗ ಅದನ್ನೇ ಮತ್ತೆ ಬರೆಯುತ್ತದೆ.

ರ‍್ಯಾಂಕಿನ ಹಿಂದೆ ಬಿದ್ದ ಕತೆಯನ್ನೂ ನೋಡಿದ್ದೇವೆ. ಯಾವ ದೇಶದಲ್ಲಿ ಉದ್ಯಮ ನಡೆಸುವುದು ಎಷ್ಟು ಸುಲಭ ಎಂದು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ಪಟ್ಟಿಯಲ್ಲಿ ಭಾರತ 142ನೇ ಸ್ಥಾನದಿಂದ ಐದು ವರ್ಷಗಳಲ್ಲಿ 63ಕ್ಕೆ ಏರಿತು. ಆದರೆ ಆ ಪಟ್ಟಿಗಾಗಿ ಅಳೆದದ್ದು ದೆಹಲಿ, ಮುಂಬೈ ಎರಡೇ ನಗರಗಳನ್ನು. ತಾರಿಹಾಳದ ಲೇಥ್ ಮಷಿನ್ನಿನವರನ್ನಾಗಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯನ್ನಾಗಲಿ ಅದು ಮಾತಾಡಿಸಿದ್ದಿಲ್ಲ. ಕೆಲವು ದೇಶಗಳ ಅಂಕಿಗಳಲ್ಲಿ ಅಕ್ರಮ ನಡೆದದ್ದು ಬಯಲಾಗಿ 2021ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕೇ ಅದನ್ನು ನಿಲ್ಲಿಸಿತು. ರಾಜ್ಯಗಳ ಸುಧಾರಣೆಯನ್ನು ಅಳೆದ ಕೇಂದ್ರದ 2020ರ ವರದಿಯಲ್ಲಿ ಕರ್ನಾಟಕ ಅತ್ಯುತ್ತಮ ಸಾಧಕರ ಗುಂಪಿನಲ್ಲಿತ್ತು. ಸಂತೋಷದ ವಿಷಯವೇ. ಆದರೆ ರ‍್ಯಾಂಕು ಬಂದ ವರ್ಷವೂ ನಮ್ಮ ಗೋಡೆಯಿಂದ ಒಂದು ಕಟ್ಟೂ ಕೆಳಗಿಳಿಯಲಿಲ್ಲ.

ಬೇರೆ ದೇಶಗಳವರು ಇದಕ್ಕೆ ಸಂಸ್ಥೆಗಳನ್ನೇ ಕಟ್ಟಿದ್ದಾರೆ. ದಕ್ಷಿಣ ಕೊರಿಯಾ 1997ರಲ್ಲಿ ಕಾನೂನು ಮಾಡಿ, ಆ ವರ್ಷದ ಕೊನೆಯ ಆರ್ಥಿಕ ಕುಸಿತದ ಬೆನ್ನಿಗೇ 1998ರಲ್ಲಿ ನಿಯಂತ್ರಣ ಸುಧಾರಣಾ ಸಮಿತಿಯನ್ನು ನೇಮಿಸಿತು. ಅದಕ್ಕೆ ಆಗ ಇಬ್ಬರು ಅಧ್ಯಕ್ಷರಿದ್ದರು: ಒಬ್ಬರು ಪ್ರಧಾನಿ, ಇನ್ನೊಬ್ಬರು ಸರ್ಕಾರದ ಹೊರಗಿನವರು. ಎಲ್ಲ ಇಲಾಖೆಗಳೂ ತಮ್ಮ ನಿಯಮಗಳನ್ನು ನೋಂದಾಯಿಸಬೇಕಾಯಿತು. ಲೆಕ್ಕ ಹಾಕಿದಾಗ ಸುಮಾರು 11,000 ಸಿಕ್ಕವು, ಒಂದೇ ವರ್ಷದಲ್ಲಿ ಅದರಲ್ಲಿ ಅರ್ಧದಷ್ಟನ್ನು ತೆಗೆದುಹಾಕಿದರು. ನೆದರ್‌ಲ್ಯಾಂಡ್ಸ್ 2000ದಲ್ಲಿ ಮೂರೇ ಸದಸ್ಯರ ಒಂದು ಚಿಕ್ಕ ಸಂಸ್ಥೆ ಮಾಡಿತು. ಉದ್ಯಮಗಳ ಮೇಲಿನ ಕಾಗದಪತ್ರದ ಭಾರವನ್ನು ಹಣದ ಲೆಕ್ಕದಲ್ಲಿ ಅಳೆದು, ಕಾಲು ಭಾಗ ಇಳಿಸುವ ಗುರಿಯನ್ನು ಅಲ್ಲಿನ ಸರ್ಕಾರ ಹಾಕಿಕೊಂಡಿತು. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 1998ರದ್ದು, ಅದರ ಬೇರು 1921ರ ಸುಂಕ ಮಂಡಳಿಯವರೆಗೂ ಹೋಗುತ್ತದೆ. ಯಾವ ನಿಯಮವನ್ನೂ ರದ್ದುಮಾಡುವ ಅಧಿಕಾರ ಅದಕ್ಕಿಲ್ಲ. ಬಹಿರಂಗವಾಗಿ ವಿಚಾರಣೆ ಮಾಡಿ ವರದಿ ಕೊಡುತ್ತದೆ, ಸರ್ಕಾರ ಅದನ್ನು ಗೊತ್ತಾದ ಅವಧಿಯೊಳಗೆ ಸಂಸತ್ತಿನ ಮುಂದಿಡಲೇಬೇಕು.

ನನಗೆ ಬಹಳ ಹಿಡಿಸಿದ್ದು ಮೆಕ್ಸಿಕೊದ ವ್ಯವಸ್ಥೆ. 2000ದಲ್ಲಿ ಅವರು ಮಾಡಿದ ಆಯೋಗದ ಅಭಿಪ್ರಾಯವಿಲ್ಲದೆ ಯಾವ ಇಲಾಖೆಯ ಹೊಸ ನಿಯಮವನ್ನೂ ರಾಜ್ಯಪತ್ರದಲ್ಲಿ (ಗೆಜೆಟ್‌ನಲ್ಲಿ) ಅಚ್ಚು ಹಾಕುವಂತಿರಲಿಲ್ಲ. ಕರಡು, ಅದರಿಂದ ಜನಕ್ಕೆ ಬೀಳುವ ಖರ್ಚಿನ ಅಂದಾಜು, ಜನ ಹೇಳಿದ ಮಾತು ಎಲ್ಲವನ್ನೂ ಮೊದಲು ಬಹಿರಂಗಪಡಿಸಬೇಕಾಗಿತ್ತು. ನಮ್ಮಲ್ಲೂ ಕರಡು ನಿಯಮಗಳನ್ನು ರಾಜ್ಯಪತ್ರದಲ್ಲಿ ಹಾಕಿ ಆಕ್ಷೇಪಣೆ ಕೇಳುವ ಪದ್ಧತಿಯಿದೆ. ಆದರೆ ಹಾವೇರಿಯ ಒಬ್ಬ ಅಂಗಡಿಕಾರ ರಾಜ್ಯಪತ್ರ ಓದುವುದು ಯಾವಾಗ? ಓದಿ ಬರೆದರೂ ಅವನ ಮಾತಿಗೆ ಉತ್ತರ ಯಾರು ಕೊಡಬೇಕು?

ಉತ್ತರ ಕೊಡಲೇಬೇಕಾದ ಸಂಸ್ಥೆಯೊಂದು ನಮ್ಮ ರಾಜ್ಯದಲ್ಲೇ ಇದೆ. ಅದಕ್ಕಾಗಿ ಮೆಕ್ಸಿಕೊದವರೆಗೆ ಹೋಗಬೇಕಾಗಿಲ್ಲ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ 1999ರಲ್ಲಿ ಬಂತು, ಅಧ್ಯಕ್ಷರೊಬ್ಬರು, ಸದಸ್ಯರಿಬ್ಬರು. ನವನಗರದಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ಕರೆಂಟ್ ಕಂಪನಿ ಹೆಸ್ಕಾಂ ದರ ಏರಿಸಬೇಕೆಂದರೆ ಸುಮ್ಮನೆ ಏರಿಸುವಂತಿಲ್ಲ. ಆಯೋಗಕ್ಕೆ ಅರ್ಜಿ ಹಾಕಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ಆಕ್ಷೇಪ ಕರೆಯಬೇಕು. ಆಯೋಗ ಹುಬ್ಬಳ್ಳಿಗೇ ಬಂದು ಬಹಿರಂಗ ವಿಚಾರಣೆ ನಡೆಸಿದ್ದಿದೆ. ಅಲ್ಲಿ ಪಂಪ್‌ಸೆಟ್ಟಿನ ರೈತರೂ ಮಾತಾಡುತ್ತಾರೆ, ಕೈಗಾರಿಕೆಯವರೂ ಮಾತಾಡುತ್ತಾರೆ, ಮನೆ ಬಳಕೆದಾರರೂ ಮಾತಾಡುತ್ತಾರೆ. ನಾನೂ ಒಂದು ಸಲ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ಹಿರಿಯರೊಬ್ಬರು ಹಿಂದಿನ ವರ್ಷದ ಆದೇಶದ ಪ್ರತಿಗೆ ಗುರುತು ಹಾಕಿಕೊಂಡು ಬಂದು, ಪುಟದ ನಂಬರು ಹೇಳಿ ಪ್ರಶ್ನೆ ಕೇಳುತ್ತಿದ್ದರು. ಅಧಿಕಾರಿಗಳು ಎದ್ದು ನಿಂತು ಉತ್ತರ ಕೊಡುತ್ತಿದ್ದರು.

ಆಮೇಲೆ ಬರುವ ಆದೇಶವನ್ನು ತೆರೆದು ನೋಡಿದರೆ ಆಕ್ಷೇಪಣೆ ಏನು, ಅದಕ್ಕೆ ಕಂಪನಿಯ ಉತ್ತರ ಏನು, ಆಯೋಗದ ಅಭಿಪ್ರಾಯ ಏನು ಎಂಬ ಮೂರನ್ನೂ ಬರೆದಿರುತ್ತಾರೆ. ಆದೇಶ ಒಪ್ಪದವರಿಗೆ ಮೇಲ್ಮನವಿ ನ್ಯಾಯಮಂಡಳಿಯಿದೆ. ದರ ಪ್ರತಿ ಸಲ ನಮಗೆ ಬೇಕಾದಂತೆ ಬಂದಿದೆ ಎಂದಲ್ಲ. ಏರಿದಾಗ ಯಾಕೆ ಏರಿತು ಎಂಬುದು ಬರಹದಲ್ಲಿ ಸಿಗುತ್ತದೆ. ಯೂನಿಟ್ಟಿಗೆ ಕೆಲವು ಪೈಸೆ ಏರಿಸಲು ಇಷ್ಟು ವಿಧಿವಿಧಾನ ಬೇಕು, ಆದರೆ ಸಾವಿರಾರು ಘಟಕಗಳು ಪ್ರತಿ ವರ್ಷ ಒಂದು ಹೊಸ ಪ್ರಮಾಣಪತ್ರ ತರಬೇಕು ಎನ್ನಲು ಒಂದು ಸುತ್ತೋಲೆ ಸಾಕು. ಪ್ರಮಾಣಪತ್ರದ ಖರ್ಚೂ ಕೊನೆಗೆ ನಮ್ಮ ಜೇಬಿನಿಂದಲೇ ಹೋಗುವುದರಿಂದ ಅದಕ್ಕೂ ಇದೇ ಶಿಸ್ತು ಬೇಕು.

ಹಾಗಾಗಿ ನಾನು ಕೇಳುವ ಆಯೋಗ ಸರ್ಕಾರಿ ಆದೇಶದ ಮೇಲೆ ನಿಲ್ಲಬಾರದು, ವಿಧಾನಮಂಡಲದ ಕಾಯ್ದೆಯ ಮೇಲೆ ನಿಲ್ಲಬೇಕು. ಒಂದು ಆದೇಶದಿಂದ ಹುಟ್ಟಿದ್ದನ್ನು ಇನ್ನೊಂದು ಆದೇಶ ಮುಗಿಸಿಬಿಡುತ್ತದೆ. ಕಾಯ್ದೆಯಿದ್ದರೂ ಭದ್ರತೆ ಪೂರ್ತಿಯಲ್ಲ ಎಂಬುದು ನಿಜ. ನ್ಯೂಜಿಲೆಂಡಿನಲ್ಲಿ ಸರ್ಕಾರ ಬದಲಾದ ಮೇಲೆ 2024ರ ಫೆಬ್ರುವರಿಯಲ್ಲಿ ಅವರ ಉತ್ಪಾದಕತಾ ಆಯೋಗವನ್ನು ಮುಚ್ಚಿದರು. ಆದರೂ ಕಾಯ್ದೆಯನ್ನು ರದ್ದು ಮಾಡಲು ಸದನದಲ್ಲಿ ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ.

ಆಯೋಗದ ಮೊದಲ ಕೆಲಸ ಒಂದು ರಾಜ್ಯಮಟ್ಟದ ದಾಖಲೆಪುಸ್ತಕ ಮಾಡುವುದು. ರಾಜ್ಯದ ಯಾವ ಇಲಾಖೆ, ಪಾಲಿಕೆ, ಗ್ರಾಮ ಪಂಚಾಯಿತಿ, ಮಂಡಳಿ ಯಾವ ಕಾಯ್ದೆಯ ಯಾವ ಕಲಮಿನಡಿ ಏನು ಕೇಳುತ್ತದೆ, ಶುಲ್ಕವೆಷ್ಟು, ದಾಖಲೆ ಯಾವುವು, ಅವಧಿಯೆಷ್ಟು ಎಂಬುದೆಲ್ಲ ಕನ್ನಡದಲ್ಲಿ ಒಂದೇ ಕಡೆ ಇರಬೇಕು. ಅದರಲ್ಲಿ ಇಲ್ಲದ್ದನ್ನು ಯಾವ ಅಧಿಕಾರಿಯೂ ಕೇಳುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆಯಬೇಕು. ನಾನು ಮಾತಾಡಿಸಿದ ಆ ಗುಮಾಸ್ತರಿಗೂ ಇದರಿಂದ ರಕ್ಷಣೆ, ಆಡಿಟ್‌ನವರು ಕೇಳಿದರೆ ಪುಸ್ತಕ ತೋರಿಸಬಹುದು. ಇಷ್ಟೊಂದೇ ಕೆಲಸ ಸರಿಯಾಗಿ ಆದರೂ ಅರ್ಧ ಗೆದ್ದಂತೆ ಎಂದು ನನ್ನ ನಂಬಿಕೆ. ಆಮೇಲೆ ರಾಜ್ಯಪತ್ರದ ಬೀಗ: ಉದ್ಯಮಗಳ ಮೇಲೆ ಹೊಸ ಹೊಣೆ ಹೊರಿಸುವ ಯಾವುದೇ ನಿಯಮ, ಅಧಿಸೂಚನೆ, ಸುತ್ತೋಲೆ ಆಯೋಗದ ಲಿಖಿತ ಅಭಿಪ್ರಾಯವಿಲ್ಲದೆ ಜಾರಿಗೆ ಬರಬಾರದು. ಸುತ್ತೋಲೆ ಎಂಬ ಮಾತನ್ನು ಮರೆಯಬಾರದು, ನಮ್ಮನ್ನು ಕಾಡುವುದು ಬಹಳ ಮಾಡಿ ಅದೇ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ವಿನಾಯಿತಿ ಇರಲಿ, ಆರು ತಿಂಗಳೊಳಗೆ ಮತ್ತೆ ಪರಿಶೀಲಿಸಬೇಕೆಂಬ ಷರತ್ತಿನ ಮೇಲೆ.

ಆಯೋಗ ಇಂಥ ನಿಯಮ ತೆಗೆಯಿರಿ, ತಿದ್ದಿರಿ ಎಂದು ಹೇಳಿದಾಗ ಇಲಾಖೆ ಒಪ್ಪಲೇಬೇಕೆಂದು ನಾನು ಹೇಳುವುದಿಲ್ಲ. ಚುನಾಯಿತ ಸರ್ಕಾರಕ್ಕೇ ಕೊನೆಯ ಮಾತು. ಆದರೆ 90 ದಿನದೊಳಗೆ ಒಪ್ಪಿದೆವು ಅಥವಾ ಇಂಥ ಕಾರಣಕ್ಕೆ ಒಪ್ಪಲಿಲ್ಲ ಎಂದು ಬರೆದು ಕೊಡಬೇಕು, ಬರೆಯದಿದ್ದರೆ ವಿಷಯ ನೇರವಾಗಿ ವಿಧಾನಮಂಡಲದ ಮುಂದೆ ಹೋಗಬೇಕು. ಇದನ್ನು ಕೈಗಾರಿಕಾ ಇಲಾಖೆಯ ಕೆಳಗೆ ಇಡಬೇಡಿ. ಒಂದು ಇಲಾಖೆಯ ಕೆಳಗಿನ ಸಂಸ್ಥೆಯ ಮಾತನ್ನು ಕಂದಾಯದವರು, ನಗರಾಭಿವೃದ್ಧಿಯವರು, ಕಾರ್ಮಿಕ ಇಲಾಖೆಯವರು ಕೇಳುವುದಿಲ್ಲ. ಸದಸ್ಯರಲ್ಲಿ ಉದ್ಯಮದವರಷ್ಟೇ ಇರಬಾರದು. ಕಾರ್ಮಿಕರ ಪರವಾಗಿ ಒಬ್ಬರು, ಗ್ರಾಹಕರ ಪರವಾಗಿ ಒಬ್ಬರು ಸಮಾನ ಸ್ಥಾನದಲ್ಲಿ ಕೂಡಬೇಕು. ನಿವೃತ್ತರಿಗೆ ಕುರ್ಚಿ, ಕಾರು, ಸಂಪುಟ ದರ್ಜೆ ಕೊಡುವ ಇನ್ನೊಂದು ಜಾಗ ಇದಾಗುತ್ತದೆ ಎಂಬ ಭಯ ಜನರಲ್ಲಿದೆ, ನನಗೂ ಇದೆ. ಅದಕ್ಕೇ ದರ್ಜೆ ಬೇಡ, ಐದು ವರ್ಷದ ಒಂದೇ ಅವಧಿ ಸಾಕು, ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರೂ ಇರಲಿ.

ನಿಯಮ ಸುಧಾರಣೆ ಎಂದೊಡನೆ ಕಾರ್ಮಿಕ ಸಂಘಟನೆಗಳಿಗೆ ಅನುಮಾನ ಬರುತ್ತದೆ, ಬರಬೇಕಾದದ್ದೇ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣ ಕುಸಿದು 19 ಜನ ಸತ್ತರು. 2022ರ ಜುಲೈಯಲ್ಲಿ ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ಹುಟ್ಟುಹಬ್ಬಕ್ಕೆ ಹಚ್ಚುವ ಕಿಡಿ ಮೇಣದಬತ್ತಿ ತಯಾರಿಸುವ ಘಟಕಕ್ಕೆ ಬೆಂಕಿ ಬಿದ್ದು ಅಲ್ಲಿ ದುಡಿಯುತ್ತಿದ್ದವರು ಪ್ರಾಣ ಕಳೆದುಕೊಂಡರು. ನಮ್ಮ ಘಟಕದಿಂದ ದೂರದ ಊರಲ್ಲ ಅದು. ಆ ವಾರ ನಮ್ಮಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಹಿಂದಿನ ಬಾಗಿಲಿಗೆ ಅಡ್ಡವಾಗಿ ಇಟ್ಟಿದ್ದ ಹಿಟ್ಟಿನ ಚೀಲಗಳನ್ನು ತಾವೇ ಸರಿಸಿದರು. ಕಟ್ಟಡದ ಬಲ, ತುರ್ತು ಬಾಗಿಲು, ಬಾಯ್ಲರ್, ವೈರಿಂಗ್, ಕುಡಿಯುವ ನೀರಿಗೆ ಸೇರುವ ಹೊಲಸು ಇವುಗಳ ಮೇಲಿನ ನಿಯಮಗಳು ಈಗಿರುವುದಕ್ಕಿಂತ ಬಿಗಿಯಾಗಬೇಕು. ಬೆರಳೆಣಿಕೆಯ ಇನ್‌ಸ್ಪೆಕ್ಟರುಗಳು ನೂರಾರು ಘಟಕಗಳ ರಿಜಿಸ್ಟರಿನ ಕಾಲಂ ತುಂಬಿದೆಯೇ ಎಂದು ನೋಡುವುದರಲ್ಲೇ ದಿನ ಕಳೆದರೆ, ಹಿಂದಿನ ಬಾಗಿಲು ತೆರೆಯುತ್ತದೆಯೇ ಎಂದು ನೋಡುವವರು ಯಾರು? ಬೇಡದ ಕಾಗದ ಕಡಿಮೆಯಾದರೆ ಬೇಕಾದ ತಪಾಸಣೆಗೆ ಹೊತ್ತು ಸಿಗುತ್ತದೆ. ಆಯೋಗ ಈ ಎರಡನ್ನೂ ಬೇರೆ ಮಾಡಿ ಹೇಳಬೇಕು, ಅಗತ್ಯವಿದ್ದ ಕಡೆ ಹೊಸ ನಿಯಮ ಬೇಕೆಂದೂ ಹೇಳಬೇಕು.

ಹುಬ್ಬಳ್ಳಿ-ಧಾರವಾಡದಲ್ಲೇ ಯಾಕೆ ಎಂದು ತಾವು ಕೇಳಬಹುದು. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ಒಂದು ಕೇಸಿಗಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಿದ್ದವರಿಗೆ ಅದರ ಬೆಲೆ ಗೊತ್ತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವರೇ ಒಂದು ಕಾಲಕ್ಕೆ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಅನುದಾನದ ಅಸಮಾನತೆಯ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ನಿಯಮದ ಭಾರದ ಅಸಮಾನತೆಯ ಬಗ್ಗೆ ಮಾತಾಡಿದ್ದು ಕಡಿಮೆ. ಬೆಂಗಳೂರಿನ ನವೋದ್ಯಮಗಳಿಗೆ ಅಡ್ಡಬರುವ ನಿಯಮಗಳನ್ನು ಪ್ರಯೋಗಕ್ಕಾಗಿ ಸಡಿಲಿಸಲು 2020ರಲ್ಲಿ ಕರ್ನಾಟಕ ನಾವೀನ್ಯ ಪ್ರಾಧಿಕಾರದ ಕಾಯ್ದೆಯೇ ಬಂತು, ಅದರ ಅಧ್ಯಕ್ಷರು ಮುಖ್ಯಮಂತ್ರಿಗಳೇ. ಧಾರವಾಡ ಫೇಡೆ ಮಾಡುವವರಿಗೆ, ಬ್ಯಾಡಗಿಯ ಮೆಣಸಿನಕಾಯಿ ಪುಡಿ ಮಾಡುವವರಿಗೆ, ಗದಗ-ಬೆಟಗೇರಿಯ ನೇಕಾರರಿಗೆ ಹೋಗಿ ಹೇಳಿಕೊಳ್ಳಲು ಅಂಥದೊಂದು ಬಾಗಿಲು ಇಲ್ಲ.

ಕೆಲಸ ಮಾಡುವವರೂ ಇಲ್ಲೇ ಇದ್ದಾರೆ. ರಾಜ್ಯ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯಲ್ಲಿದೆ, ಅಲ್ಲಿನ ವಿದ್ಯಾರ್ಥಿಗಳಿಗೆ ದಾಖಲೆಪುಸ್ತಕ ಮಾಡುವುದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಲೆಕ್ಕಾಚಾರಕ್ಕೆ ಧಾರವಾಡದ ವಿಶ್ವವಿದ್ಯಾಲಯಗಳು, ಅಭಿವೃದ್ಧಿ ಅಧ್ಯಯನದ ಸಂಸ್ಥೆಗಳು ಇವೆ. ವ್ಯಾಪಾರಸ್ಥರ ಮಾತು ಹೇಳಲು 1928ರಿಂದ ಇರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಿದೆ. ಆಯೋಗ ವರ್ಷಕ್ಕೊಮ್ಮೆಯಾದರೂ ಪ್ರತಿ ಜಿಲ್ಲೆಗೆ ಹೋಗಿ ವಿಚಾರಣೆ ನಡೆಸಬೇಕು. ಹಾವೇರಿಯಲ್ಲಿ ಕೋಲ್ಡ್ ಸ್ಟೋರೇಜಿನವರ ತೊಂದರೆ ಬೇರೆ, ಗದಗಿನಲ್ಲಿ ಪ್ರೆಸ್ಸಿನವರದ್ದು ಬೇರೆ, ಅವರವರ ಊರಿನಲ್ಲಿ ಕೂತು ಕೇಳಿದರೆ ತಿಳಿಯುತ್ತದೆ.

ಕಾನೂನು ಊರಿಗೆ ಬೇಗ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಗದಗ ತಾಲ್ಲೂಕಿನ ಕಣಗಿನಹಾಳವೇ ಸಾಕ್ಷಿ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷ, 1905ರ ಮೇ ತಿಂಗಳಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ಸಂಘ ನೋಂದಾಯಿಸಿದರು. ಆಗ ಪೋರ್ಟಲ್ ಇರಲಿಲ್ಲ, ಫೋನೂ ಇರಲಿಲ್ಲ. ಕಾಯ್ದೆ ಚಿಕ್ಕದಿತ್ತು, ಹಳ್ಳಿಯವರಿಗೆ ಅರ್ಥವಾಗುವಂತಿತ್ತು, ಸಂಘಗಳನ್ನು ನೋಂದಾಯಿಸಿ ಮುನ್ನಡೆಸುವುದೇ ಕೆಲಸವಾಗಿದ್ದ ರಿಜಿಸ್ಟ್ರಾರ್ ಎಂಬ ಒಬ್ಬ ಅಧಿಕಾರಿ ಇದ್ದರು.

ಮಾನ್ಯ ಮುಖ್ಯಮಂತ್ರಿಗಳೇ, ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ಮೊದಲ ವರ್ಷಕ್ಕೆ ಧಾರವಾಡ, ಗದಗ, ಹಾವೇರಿ ಮೂರೇ ಜಿಲ್ಲೆಗಳಲ್ಲಿ, ಆಹಾರ ಸಂಸ್ಕರಣೆ, ಮುದ್ರಣ, ಯಂತ್ರದ ಬಿಡಿಭಾಗ ಈ ಮೂರೇ ಬಗೆಯ ಸಣ್ಣ ಘಟಕಗಳಿಗೆ ದಾಖಲೆಪುಸ್ತಕ ಮಾಡಿ ನೋಡಬಹುದು, ಸಕಾಲವನ್ನು ನಾಲ್ಕು ತಾಲ್ಲೂಕಿನಲ್ಲಿ ನೋಡಿದ ಹಾಗೆ. ಅಷ್ಟರಲ್ಲಿ ಕಾಯ್ದೆಯ ಕರಡು ಸಿದ್ಧವಾಗಲಿ, ಕನ್ನಡದಲ್ಲಿ ಪ್ರಕಟವಾಗಲಿ, ಜನರಿಗೆ 60 ದಿನ ಸಿಗಲಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಮುಂದಿನ ಅಧಿವೇಶನದಲ್ಲಿ ಅದು ಚರ್ಚೆಗೆ ಬರಲಿ. ಉತ್ತರ ಕರ್ನಾಟಕದ ಸಮಸ್ಯೆಗಳಿಗೆಂದೇ ನಡೆಯುವ ಅಧಿವೇಶನದಲ್ಲಿ ಎರಡು ದಿನವನ್ನು ಇದಕ್ಕೆ ಕೊಡಬೇಕೆಂದು ಈ ಭಾಗದ ಶಾಸಕರನ್ನೂ ಕೇಳಿಕೊಳ್ಳುತ್ತೇನೆ. ಕರಡಿನ ಮೇಲೆ ಹುಬ್ಬಳ್ಳಿಯಲ್ಲಿ ವಿಚಾರಣೆ ಕರೆದರೆ ನಮ್ಮ ಎಲ್ಲ ಅರ್ಜಿ, ಚಲನ್, ಚೆಕ್‌ಲಿಸ್ಟ್‌ಗಳ ಪ್ರತಿಯನ್ನು ತಂದು ಅಲ್ಲಿ ಎಲ್ಲರ ಮುಂದಿಡಲು ನಾನೂ, ನನ್ನ ಜೊತೆಗಾರ್ತಿಯರೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಸಣ್ಣ ಆಹಾರ ಘಟಕವೊಂದರ ಒಡತಿ
ಹುಬ್ಬಳ್ಳಿ